ನಾನ್‌ಖಟಾಯಿ: ನಮ್ಮ ಮನೆಯ ಅರ್ಧ ರೆಸಿಪಿಯ ಪೂರ್ತಿ ಕಥೆ

ನಾನು ಹುಟ್ಟಿ ಬೆಳೆದದ್ದು ಹಾಸನ ಜಿಲ್ಲೆಯ ಅರಕಲಗೂಡಿನ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ನಮ್ಮ ಮನೆಗೆ ಬ್ರೆಡ್ ಬಂತು ಎಂದರೆ ಯಾರೋ ಜ್ವರದಿಂದ ಮಲಗಿದ್ದಾರೆ ಎಂದೇ ಅರ್ಥ! ಪೇಟೆಗೆ ಹೋದವರು ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡನ್ನು ಬಿಸಿ ಹಾಲಿನಲ್ಲಿ ಅದ್ದಿ ರೋಗಿಗೆ ಕೊಡುತ್ತಿದ್ದರು. ಉಳಿದ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ನಮಗೂ ಒಂದು ದಿನ ಜ್ವರ ಬರಬಾರದೇ ಎಂದು ಆಸೆಯಾಗುತ್ತಿತ್ತು.

1972ರಲ್ಲಿ ನೌಕರಿಗೆಂದು ಬೊಂಬಾಯಿಗೆ ಬಂದೆ. ಆಗಿನ್ನೂ 'ಮುಂಬಯಿ' ಆಗಿರಲಿಲ್ಲ. ವಿಲೆ ಪಾರ್ಲೆ ಪೂರ್ವದ ಒಂದು ಚಾಳಿನ ಖೋಲಿಯಲ್ಲಿ ನಾವು ನಾಲ್ವರು ಬ್ರಹ್ಮಚಾರಿಗಳು. ಮೊದಲ ದಿನ ಬೆಳಿಗ್ಗೆ ಎಚ್ಚರವಾದದ್ದು ಪಾವ್‌ವಾಲಾನ ಸೈಕಲ್ ಗಂಟೆಗೆ. ಇಡೀ ಚಾಳಿನ ಜನ ಅರೆನಿದ್ದೆಯಲ್ಲಿ ಎದ್ದು ಬಂದು ಲಾದಿ ಪಾವ್ ಕೊಂಡು ಹೋಗುವುದನ್ನು ನೋಡಿ, ನಾನು ಪಕ್ಕದ ಹಾಸಿಗೆಯ ಗೆಳೆಯನನ್ನು ಕೇಳಿದೆ: "ಇಷ್ಟೊಂದು ಜನಕ್ಕೆ ಒಟ್ಟಿಗೇ ಜ್ವರವೇನೋ?" ಅವನು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಹೀಗೆ ರೋಗಿಯ ಪಥ್ಯವಾಗಿದ್ದ ವಸ್ತು ನನ್ನ ದಿನನಿತ್ಯದ ಊಟವಾಯಿತು. ಪಾರ್ಲೆಯಲ್ಲಿ ಇದ್ದವರಿಗೆ ಬೇಕರಿಯ ವಾಸನೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವೂ ಇರಲಿಲ್ಲ ಬಿಡಿ. 1929ರಲ್ಲಿ ಶುರುವಾದ ಪಾರ್ಲೆ ಕಾರ್ಖಾನೆ ನಮ್ಮ ಬಡಾವಣೆಯಲ್ಲೇ ಇತ್ತು. ಲೋಕಲ್ ಗಾಡಿಯಲ್ಲಿ ಕಣ್ಣು ಮುಚ್ಚಿ ನಿಂತಿದ್ದರೂ, ಬಿಸ್ಕತ್ತಿನ ವಾಸನೆ ಬಂದರೆ ಇಳಿಯುವ ಸ್ಟೇಷನ್ ಬಂತು ಎಂದು ಗೊತ್ತಾಗುತ್ತಿತ್ತು. 2016ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಕಣ್ಣು ತೆರೆದುಕೊಂಡೇ ಇಳಿಯಬೇಕು.

ಆದರೆ ನಾನಿಂದು ಬರೆಯಹೊರಟದ್ದು ಕಾರ್ಖಾನೆಯ ಬಿಸ್ಕತ್ತಿನ ಬಗ್ಗೆ ಅಲ್ಲ. ನಮ್ಮ ಮನೆಯ ನಾನ್‌ಖಟಾಯಿಯ ಬಗ್ಗೆ. 'ನಮ್ಮ ಮನೆಯ' ಎಂದು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡ ಆ ತಿಂಡಿ ನಿಜಕ್ಕೂ ಎಷ್ಟರಮಟ್ಟಿಗೆ ನಮ್ಮದು ಎಂದು ತಿಳಿಯುವ ಹೊತ್ತಿಗೆ ನನ್ನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು!

ಡಬ್ಬಿ ಹಿಡಿದು ಸಾಲಿನಲ್ಲಿ

1978ರಲ್ಲಿ ಮದುವೆಯಾಗಿ ನನ್ನಾಕೆ ಮುಂಬಯಿಗೆ ಬಂದಳು. ಕೆಳಗಿನ ಮನೆಯಲ್ಲಿ ಒಬ್ಬರು ಗುಜರಾತಿ ಅಜ್ಜಿ ಇದ್ದರು. ಇವಳಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಅಡಿಗೆಮನೆಯ ಭಾಷೆ ಮಾತ್ರ ಇಬ್ಬರಿಗೂ ಬರುತ್ತಿತ್ತು. ಆ ಅಜ್ಜಿ ಹೇಳಿ ಬರೆಸಿದ ನಾನ್‌ಖಟಾಯಿಯ ಅಳತೆ ಇವತ್ತಿಗೂ ನಮ್ಮ ಹಳೆಯ ನೋಟ್‌ಬುಕ್ಕಿನಲ್ಲಿದೆ: "ಮೈದಾ ಒಂದು ಶೇರು, ಸಕ್ಕರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಡಾಲ್ಡಾ ಹಿಡಿಸುವಷ್ಟು, ಏಲಕ್ಕಿ. ಬೇಕರಿಗೆ ಕೊಡುವುದು."

ಈ ಕೊನೆಯ ಮಾತನ್ನು ನೆನಪಿಡಿ. ಬೇಕರಿಗೆ ಕೊಡುವುದು!

ಈಗಿನ ಮಕ್ಕಳಿಗೆ ಇದು ಗೊತ್ತಿರಲಾರದು. ಆಗ ಮಧ್ಯಮ ವರ್ಗದವರ ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಇದ್ದದ್ದು ಪಂಪ್ ಸ್ಟವ್, ಅಮೇಲೆ ಗ್ಯಾಸ್. ಕೆಲವರ ಮನೆಯಲ್ಲಿ ಮುಚ್ಚಳಕ್ಕೆ ಗಾಜಿನ ಕಿಟಕಿಯಿರುವ ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಓವನ್ ಇರುತ್ತಿತ್ತು. ಅದು ಶ್ರೀಮಂತರ ಲಕ್ಷಣ. ಹಾಗಾಗಿ ದೀಪಾವಳಿಗೆ ಎರಡು ವಾರ ಮುಂಚೆ ಚಾಳಿನ ಹೆಂಗಸರೆಲ್ಲ ಮೈದಾ, ಸಕ್ಕರೆ, ತುಪ್ಪ ಅಥವಾ ಡಾಲ್ಡಾ ಹಿಡಿದುಕೊಂಡು ಸ್ಟೇಷನ್ ಹತ್ತಿರದ ಇರಾನಿಯವನ ಬೇಕರಿಗೆ ಹೋಗುತ್ತಿದ್ದರು. ಅಲ್ಲಿ ತೂಕ ಮಾಡಿ, ಚೀಟಿ ಬರೆದು, ಕಿಲೋಗೆ ಇಷ್ಟು ಎಂದು ಮಜೂರಿ ತೆಗೆದುಕೊಂಡು, ಹಿಟ್ಟು ಕಲಸಿ, ಉಂಡೆ ಕಟ್ಟಿ, ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಿದ್ದರು. ಮಾರನೆಯ ದಿನ ಖಾಲಿ ಡಾಲ್ಡಾ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತು ತರಬೇಕು. ಅದು ನನ್ನ ಕೆಲಸ.

ಒಬ್ಬರ ತಟ್ಟೆ ಇನ್ನೊಬ್ಬರ ಡಬ್ಬಿಗೆ ಹೋಗದಿರಲಿ ಎಂದು ಪ್ರತಿ ಮನೆಗೂ ಒಂದೊಂದು ಗುರುತು. ಒಬ್ಬರದಕ್ಕೆ ಚಾರೋಳಿ, ಇನ್ನೊಬ್ಬರದಕ್ಕೆ ಪಿಸ್ತಾ ಚೂರು. ನಮ್ಮ ನಾನ್‌ಖಟಾಯಿಯ ನೆತ್ತಿಗೆ ಒಂದೊಂದು ಲವಂಗ. ಚೀಟಿಯನ್ನು ಮಾತ್ರ ನಾನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೆ. ಇಡೀ ಬೇಕರಿಯಲ್ಲಿ ಅದನ್ನು ಯಾರೂ ಓದಲಾರರು. ಆದ್ದರಿಂದ ಅದು ನಮ್ಮದೇ ಎಂದು ಎಲ್ಲರಿಗೂ ಗೊತ್ತು!

2009ರಲ್ಲಿ ಆ ಕಟ್ಟಡ ಕೆಡವಿದರು. ಹೊಸ ಟವರ್ ಬಂತು, ಬೇಕರಿ ಬರಲಿಲ್ಲ. ಅಷ್ಟರಲ್ಲಿ ನಾವೂ ಠಾಣೆಗೆ ಮನೆ ಬದಲಿಸಿದ್ದೆವು. ಅಲ್ಲಿನ ಬೇರೊಂದು ಬೇಕರಿಯಿಂದ ಸಿದ್ಧ ನಾನ್‌ಖಟಾಯಿ ತಂದು ಹಬ್ಬ ಕಳೆಯಿತು. ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ಮಗಳು ಎರಡು ವರ್ಷಕ್ಕೊಮ್ಮೆ ಬಂದಾಗ ಅವಳ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಹೋಗುತ್ತಿತ್ತು. ತಿಂದಾಗಲೆಲ್ಲ "ಇದು ಪಾರ್ಲೆಯದರ ಹಾಗಿಲ್ಲಮ್ಮ" ಎನ್ನುತ್ತಿದ್ದಳು.

2020ರ ದೀಪಾವಳಿಯ ಫೋನ್

ಕೊರೋನಾ ವರ್ಷ. ವಿಮಾನವಿಲ್ಲ, ಮಗಳು ಬರುವ ಹಾಗಿಲ್ಲ. ಊರಿಗೆಲ್ಲ ಮನೆಯಲ್ಲಿ ಬೇಯಿಸುವ ಹುಚ್ಚು ಹಿಡಿದ ವರ್ಷವೂ ಅದೇ. "ಅಮ್ಮ, ನಿನ್ನ ನಾನ್‌ಖಟಾಯಿ ನಾನೇ ಮಾಡ್ತೀನಿ, ಅಳತೆ ಹೇಳು" ಎಂದಳು. ನನ್ನಾಕೆ ನೋಟ್‌ಬುಕ್ ತೆಗೆದು ಓದಿ ಹೇಳಿದಳು. ಎರಡು ದಿನದ ಮೇಲೆ ವಿಡಿಯೋದಲ್ಲಿ ಮಗಳ ಸಪ್ಪೆ ಮುಖ, ಅವಳ ಕೈಯಲ್ಲೊಂದು ತಟ್ಟೆ. ಉಂಡೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ ಒಂದೇ ದೊಡ್ಡ ರೊಟ್ಟಿಯಾಗಿತ್ತು. ಮೊಮ್ಮಗಳು ಹಿಂದಿನಿಂದ "ಪೀಟ್ಜಾ!" ಎಂದು ಕೂಗಿದಳು.

"ಅಳತೆ ಸರಿಯಾಗಿ ಹೇಳಲಿಲ್ಲ ನೀನು" ಎಂದು ಮಗಳು, "ನೀನು ಸರಿಯಾಗಿ ಮಾಡಲಿಲ್ಲ" ಎಂದು ತಾಯಿ. ಮೂರು ಸಲ ಪ್ರಯತ್ನವಾಯಿತು, ಮೂರು ಸಲವೂ ಅದೇ ಪೀಟ್ಜಾ. ಹಬ್ಬದ ದಿನ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಿ ಕೈಕಟ್ಟಿ ಕೂತಿದ್ದ ನಿವೃತ್ತ ಗುಮಾಸ್ತ ನಾನು. ಇದೇನೆಂದು ನೋಡಿಯೇ ಬಿಡೋಣ ಎಂದು ಹೊರಟೆ.

ಮೊದಲು ಸಿಕ್ಕಿಹಾಕಿಕೊಂಡದ್ದು 'ಶೇರಿ'ನಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ ಪ್ರಮಾಣವಾಗಿದ್ದ ಶೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಆದರೆ ಹಳೆಯ ಬೊಂಬಾಯಿ ಶೇರೇ ಬೇರೆ! ಬೊಂಬಾಯಿಯ ಮಣ ಎಂದರೆ 28 ಪೌಂಡು, ಅದರಲ್ಲಿ 40 ಶೇರು. ಲೆಕ್ಕ ಹಾಕಿದರೆ ಒಂದು ಶೇರಿಗೆ ಸುಮಾರು 317 ಗ್ರಾಂ ಮಾತ್ರ, ಪ್ರಮಾಣ ಶೇರಿನ ಮೂರನೇ ಒಂದು ಭಾಗ! 1956ರ ಕಾಯಿದೆಯ ನಂತರ ಕಿಲೋ, ಗ್ರಾಂ ಬಂದು ಎರಡೂ ಶೇರುಗಳು ಅಂಗಡಿಯಿಂದ ಹೋದವು, ಅಜ್ಜಿಯರ ಬಾಯಿಂದ ಹೋಗಲಿಲ್ಲ. ಆದರೆ ಸ್ವಲ್ಪ ಯೋಚಿಸಿದ ಮೇಲೆ ಇದು ನಮ್ಮ ಸಮಸ್ಯೆಯಲ್ಲ ಎಂದು ತಿಳಿಯಿತು. ಶೇರು ಯಾವುದಾದರೂ ಆಗಲಿ, ಸಕ್ಕರೆ ಮೈದಾದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂಬ ಪ್ರಮಾಣ ಬದಲಾಗದಲ್ಲ. ಹಳೆಯ ಬೇಕರಿಯವರ ಲೆಕ್ಕವೂ ಹೀಗೇ. ಹಿಟ್ಟು ನೂರು ಎಂದಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಅದರ ಶೇಕಡಾದಲ್ಲಿ ಹೇಳುತ್ತಾರೆ. ಹಾಗಾದರೆ ತಪ್ಪಿದ್ದು "ಡಾಲ್ಡಾ ಹಿಡಿಸುವಷ್ಟು" ಎಂಬಲ್ಲಿ, ಮತ್ತು "ಬೇಕರಿಗೆ ಕೊಡುವುದು" ಎಂಬಲ್ಲಿ.

ಭಟ್ಟಿಯವನು ಹೇಳಿದ್ದು

ಓಡಾಟ ಶುರುವಾದ ಮೇಲೆ ಹಳೆಯ ಪಾರ್ಲೆ ಗೆಳೆಯನೊಬ್ಬನ ಮೂಲಕ, ಆ ಬೇಕರಿಯ ಭಟ್ಟಿಯ ಮುಂದೆ ಕೆಲಸ ಮಾಡುತ್ತಿದ್ದವರೊಬ್ಬರು ಸಿಕ್ಕರು. ಉತ್ತರ ಪ್ರದೇಶದವರು. ಮುಂಬಯಿಯ ಬೇಕರಿಗಳ ಮಾಲೀಕರು ಇರಾನಿಗಳೋ ಗೋವಾದವರೋ ಆಗಿದ್ದರೂ ಹಿಟ್ಟು ನಾದುವ ಕೈಗಳು ಬಹಳಷ್ಟು ಅವರ ಕಡೆಯವೇ. ಈಗ ಅಂಧೇರಿ ಕಡೆ ಇನ್ನೊಂದು ಬೇಕರಿಯಲ್ಲಿದ್ದಾರೆ. ನಾನ್‌ಖಟಾಯಿ ಎಂದ ಕೂಡಲೇ "ಲವಂಗದ ಮನೆ!" ಎಂದು ಗುರುತು ಹಿಡಿದರು. ನನ್ನ ಹೆಸರು ಅವರಿಗೆ ಯಾವತ್ತೂ ಗೊತ್ತಿರಲಿಲ್ಲ.

ಅವರು ನಗುತ್ತಾ ಮೂರು ಮಾತು ಹೇಳಿದರು. ಒಂದು: ಮನೆಯವರು ತರುವ ತುಪ್ಪ ಯಾವತ್ತೂ ಸಾಲದು, ಹಿಟ್ಟು ಕೈಗೆ ಕೂಡಿಬರುವವರೆಗೆ ಬೇಕರಿಯ ವನಸ್ಪತಿಯನ್ನು ಅವರೇ ಸೇರಿಸುತ್ತಿದ್ದರು. ಎರಡು: ಒಂದು ಚಿಟಿಕೆ 'ಅಮೋನಿಯಾ' ಹಾಕುತ್ತಿದ್ದರು, ಮೇಲೆ ಬಿರುಕು ಬಿಡುವುದು ಅದರಿಂದಲೇ. ಮೂರು: ನಾನ್‌ಖಟಾಯಿಯನ್ನು ಯಾವತ್ತೂ ಬಿಸಿ ಭಟ್ಟಿಗೆ ಹಾಕುತ್ತಿರಲಿಲ್ಲ. ಪಾವ್ ಎಲ್ಲ ಮುಗಿದು, ಭಟ್ಟಿ 'ಮೆತ್ತಗಾದ' ಮೇಲೆ, ಬೆಳಗಿನ ಜಾವ.

ಮನೆಗೆ ಬಂದು ನನ್ನಾಕೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂದ್ರೆ ಮೂವತ್ತು ವರ್ಷ ನಾನು ಹೊಗಳಿಸಿಕೊಂಡದ್ದು ಅವನ ಕೈರುಚಿಗೆ" ಎಂದಳು. ಅದೇ ರಾತ್ರಿ ಮಗಳಿಗೆ ತಾನೇ ಫೋನ್ ಮಾಡಿ, "ತಪ್ಪು ನಿನ್ನದಲ್ಲ ಕಣೆ, ನನ್ನ ಹತ್ತಿರ ಇದ್ದದ್ದೇ ಅರ್ಧ ರೆಸಿಪಿ" ಎಂದು ಹೇಳಿದಳು. ನೋಟ್‌ಬುಕ್ಕಿನ ಬಗೆಗಿನ ಜಗಳ ಅಲ್ಲಿಗೆ ಮುಗಿಯಿತು.

ಅಸಲು ಯಾವುದು?

ಆದರೆ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿತು. ವನಸ್ಪತಿ, ಅಮೋನಿಯಾ ಎಲ್ಲ ಬೇಕರಿಯವನ ಕೈಚಳಕವಾದರೆ, ಅಸಲು ನಾನ್‌ಖಟಾಯಿ ಯಾವುದು? ಹುಡುಕುತ್ತಾ ಹೋದರೆ ಸೂರತ್‌ಗೆ ಹೋಗಿ ನಿಂತೆ.

ಸೂರತ್‌ನಲ್ಲಿ ಹೇಳುವ ಕಥೆ ಹೀಗಿದೆ. ಅಲ್ಲಿ ಡಚ್ಚರ ವ್ಯಾಪಾರ ಕೋಠಿ ಇತ್ತು. ಅವರಿಗೆ ಬ್ರೆಡ್ ಮಾಡಿಕೊಡಲು ಕೆಲವು ಪಾರ್ಸಿಗಳು ಕೆಲಸಕ್ಕಿದ್ದರು. ಡಚ್ಚರು ಹೊರಟುಹೋದ ಮೇಲೆ ಭಟ್ಟಿಗಳು ದೋತಿವಾಲಾ ಎಂಬ ಪಾರ್ಸಿ ಕುಟುಂಬದ ಕೈಗೆ ಬಂದವು. ಆ ಹೆಸರಿನ ಬೇಕರಿ 1861ರದು. ಸ್ಥಳೀಯರು ಸೇಂದಿ ಹಾಕಿ ಹುಳಿ ಬರಿಸಿದ ಬ್ರೆಡ್ಡನ್ನು ಮುಟ್ಟುತ್ತಿರಲಿಲ್ಲ. ಉಳಿದು ಒಣಗಿದ ತುಂಡುಗಳನ್ನು ಮಾತ್ರ ಚಹಾಕ್ಕೆ ಅದ್ದಿ ತಿನ್ನಲು ಕೊಳ್ಳುತ್ತಿದ್ದರು. ಹಾಗಾದರೆ ಬೇಕೆಂದೇ ಒಣಗಿಸಿ ಮಾರೋಣ ಎಂದು ಹೊರಟದ್ದು ಸೂರತಿ ಬತಾಸ ಬಿಸ್ಕತ್ತಾಯಿತು. ನಾನ್‌ಖಟಾಯಿಯೂ ಅದೇ ಭಟ್ಟಿಯ ಕೂಸು. ಮೊದಲು ಅದಕ್ಕೆ ಮೊಟ್ಟೆ, ಸೇಂದಿ ಎರಡೂ ಬೀಳುತ್ತಿದ್ದವಂತೆ. ಗಿರಾಕಿಗಳು ಸಸ್ಯಾಹಾರಿಗಳು, ಮೊಟ್ಟೆ ಹೋಯಿತು, ಸೇಂದಿಯೂ ಹೋಯಿತು, ತುಪ್ಪ ಏಲಕ್ಕಿ ಉಳಿದವು. ಹೆಸರಿನಲ್ಲಿರುವ 'ನಾನ್' ಪಾರ್ಸಿ ಭಾಷೆಯ ರೊಟ್ಟಿ. 'ಖಟಾಯಿ' ಎಂದರೆ ಚೀನಾ ಕಡೆಯದು ಎಂದು ಕೆಲವರು, ಆರು ಸಾಮಗ್ರಿಗಳದ್ದು ಎಂದು ಕೆಲವರು. ಡಚ್ಚರ ಭಟ್ಟಿ, ಪಾರ್ಸಿಗಳ ಕೈ, ಗುಜರಾತಿಗಳ ನಾಲಗೆ, ಹೆಸರಿನಲ್ಲಿ ಚೀನಾ. ಇದರಲ್ಲಿ ಅಸಲು ಯಾವುದು ಹೇಳಿ?

ಪಾವಿನ ಕಥೆಯೂ ಬೇರೆಯಲ್ಲ. ಕಾಲಿನಲ್ಲಿ ತುಳಿದು ನಾದುವುದರಿಂದ ಪಾವ್ ಎಂಬ ಹೆಸರು ಬಂತು ಎಂದು ಊರಿನಲ್ಲಿ ನಮ್ಮನ್ನು ಹೆದರಿಸುತ್ತಿದ್ದರು. ಅದು ಸುಳ್ಳು. ಪೋರ್ಚುಗೀಸರ 'ಪಾಂವ್' ಎಂಬ ಮಾತೇ ಪಾವ್. ಗೋವಾದಲ್ಲಿ ಅವರಿಗೆ ಯೀಸ್ಟ್ ಸಿಗಲಿಲ್ಲ, ತೆಂಗಿನ ಸೇಂದಿ ಸಿಕ್ಕಿತು. ಅದರಿಂದಲೇ ಹಿಟ್ಟು ಉಬ್ಬಿಸಿದರು. ಅಲ್ಲಿಂದ ಮುಂಬಯಿಗೆ ಬಂದು ಬೇಕರಿ ಹಾಕಿದ ಗೋವಾದವರೂ ಇದ್ದಾರೆ. ಬೈಖಲಾದ ಅಮೆರಿಕನ್ ಎಕ್ಸ್‌ಪ್ರೆಸ್ ಬೇಕರಿ ಅಂಥ ಒಂದು ಕುಟುಂಬದ್ದು, 1908ರದು. ಇಲ್ಲಿ ಯೀಸ್ಟ್ ಬಂತು. 1949ರ ಪಾನನಿರೋಧ ಕಾನೂನು ಬಂದ ಮೇಲಂತೂ ಸೇಂದಿ ನಂಬಿ ಪಾವ್ ಮಾಡುವ ಮಾತೇ ಇರಲಿಲ್ಲ. ರುಚಿ ಬದಲಾಯಿತು, ಹೆಸರು ಉಳಿಯಿತು. 1966ರಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ್ ವೈದ್ಯ ಅವರು ಅದರ ಹೊಟ್ಟೆಗೆ ಬಟಾಟೆ ವಡೆ ಇಟ್ಟರು ಎನ್ನುತ್ತಾರೆ. ಈಗ ಅದಿಲ್ಲದೆ ಮುಂಬಯಿಯೇ ಇಲ್ಲ.

ಇನ್ನು ಇರಾನಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಇಪ್ಪತ್ತರ ಆರಂಭದಲ್ಲಿ ಯಜ್ದ್, ಕೆರ್ಮಾನ್ ಕಡೆಯಿಂದ ಬಂದ ಈ ಜರತುಷ್ಟ್ರ ಧರ್ಮೀಯರು ಬೀದಿಯ ಮೂಲೆಗಳಲ್ಲಿ ಚಹಾದಂಗಡಿ ಹಾಕಿದರು. ಮೂಲೆಯ ಜಾಗ ಅಶುಭವೆಂದು ಇತರ ವ್ಯಾಪಾರಿಗಳು ಬಿಟ್ಟದ್ದೇ ಇವರಿಗೆ ಒಲಿಯಿತು ಎಂದು ಹೇಳುವುದುಂಟು. ಧೋಬಿ ತಲಾವಿನ ಕಯಾನಿ 1904ರದು, ಗ್ರಾಂಟ್ ರೋಡ್ ಸ್ಟೇಷನ್ ಎದುರಿನ ಬಿ. ಮೆರ್ವಾನ್ 1914ರದು, ಕೋಟೆ ಭಾಗದ ಯಜ್ದಾನಿ ಬೇಕರಿ 1953ರದು. ಮೆರ್ವಾನಿನ ಮಾವಾ ಕೇಕಿಗಾಗಿ ನಾನು ಎಷ್ಟು ಸಲ ಆಫೀಸಿಗೆ ಹೋಗುವ ದಾರಿಯಲ್ಲಿ ಮುಂಚೆಯೇ ಇಳಿದದ್ದುಂಟೋ! ಸ್ವಲ್ಪ ತಡವಾದರೆ ಖಾಲಿ. ಆ ಕೇಕನ್ನೇ ನೋಡಿ. ಯೂರೋಪಿನ ಕೇಕಿಗೆ ನಮ್ಮ ಹಲ್ವಾಯಿಯ ಖೋವಾ ಮತ್ತು ಏಲಕ್ಕಿ ಸೇರಿಸಿದ್ದು. ಅದೂ ಒಂದು ಕಾಲದ 'ಹೊಸ ರೆಸಿಪಿ'ಯೇ ಅಲ್ಲವೇ?

ನಮ್ಮ ಕನ್ನಡದ ಉದಾಹರಣೆ ಬೇಕೆಂದರೆ ನಮ್ಮ ಜಿಲ್ಲೆಯವರೇ ಇದ್ದಾರೆ. ಹಾಸನ ಕಡೆಯಿಂದ ಬೆಂಗಳೂರಿಗೆ ಹೋದ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ ಶುರುಮಾಡಿದರು. ಒಬ್ಬ ಇಂಗ್ಲಿಷಿನವನಿಂದ ಬೇಕಿಂಗ್ ಕಲಿತರು ಎಂಬ ಕಥೆಯಿದೆ. ಅಯ್ಯಂಗಾರರ ಮನೆಯವರು ಮೊಟ್ಟೆ ಮುಟ್ಟುವುದುಂಟೇ? ಮೊಟ್ಟೆಯಿಲ್ಲದೆಯೇ ಕೇಕ್ ಮಾಡುವ ಪರಂಪರೆ ಬೆಳೆಯಿತು. ಬನ್ನಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ, ಈರುಳ್ಳಿ ಬಿದ್ದು ಖಾರಾ ಬನ್ ಆಯಿತು. ಇಂದು ಠಾಣೆ, ಮುಲುಂಡ್, ಡೊಂಬಿವಲಿಯಲ್ಲೂ 'ಅಯ್ಯಂಗಾರ್ ಬೇಕರಿ' ಎಂಬ ಫಲಕಗಳಿವೆ. ಒಳಗೆ ಹೋಗಿ ಕನ್ನಡದಲ್ಲಿ ಮಾತಾಡಿಸಿ ನೋಡಿ, ಎಷ್ಟೋ ಕಡೆ ಉತ್ತರವೂ ಕನ್ನಡದಲ್ಲೇ ಬರುತ್ತದೆ. ಊರಿನಲ್ಲಿ ಜ್ವರಕ್ಕೆ ಮಾತ್ರ ಕಂಡ ಬ್ರೆಡ್ಡನ್ನು ನಮ್ಮ ಜಿಲ್ಲೆಯವರೇ ಇಷ್ಟು ದೂರ ಹೊತ್ತು ತಂದಿದ್ದಾರೆ ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಇದೆಲ್ಲ ಓದಿ ನನಗೆ ಒಂದು ಧೈರ್ಯ ಬಂತು. ಈ ಬೇಕರಿ ತಿಂಡಿಗಳು ಒಮ್ಮೆ ಹುಟ್ಟಿ ಹಾಗೇ ಕೂತವಲ್ಲ. ಸಿಗದ್ದನ್ನು ಬಿಟ್ಟು, ಸಿಕ್ಕದ್ದನ್ನು ಹಾಕಿ, ತಿನ್ನುವವರಿಗೆ ತಕ್ಕ ಹಾಗೆ ಬದಲಾಗುತ್ತಲೇ ಬಂದವು. ಹಾಗಾದರೆ ನ್ಯೂ ಜೆರ್ಸಿಯ ಅಡಿಗೆಮನೆಗೆ ತಕ್ಕಂತೆ ನಾವೂ ಬದಲಾಯಿಸಬಹುದು. ಒಂದೇ ಷರತ್ತು: ಯಾವ ವಸ್ತು ಯಾಕೆ ಇತ್ತು ಎಂದು ತಿಳಿಯದೆ ತೆಗೆಯಬಾರದು. ತೆಗೆದರೆ ಪೀಟ್ಜಾ!

ಡಾಲ್ಡಾ ಯಾಕೆ ಇತ್ತು?

ಮೊದಲು ಜಿಡ್ಡಿನ ವಿಷಯ. ಡಾಲ್ಡಾ ಕೂಡ ಮುಂಬಯಿಯದೇ. ಶಿವಡಿಯಲ್ಲಿ ಹಿಂದೂಸ್ತಾನ್ ವನಸ್ಪತಿ ಕಂಪನಿಯ ಕಾರ್ಖಾನೆ 1930ರ ದಶಕದಲ್ಲಿ ಬಂತು, ಡಾಲ್ಡಾ ಎಂಬ ಹೆಸರು 1937ರಲ್ಲಿ. ತುಪ್ಪಕ್ಕಿಂತ ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಬೇಕರಿಯವನಿಗೆ ಮಾತ್ರ ಗೊತ್ತು: ಮುಂಬಯಿಯ ಸೆಖೆಗೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಉಜ್ಜಿದರೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ, ಭಟ್ಟಿಯಲ್ಲಿ ತಡವಾಗಿ ಕರಗುತ್ತದೆ. ಅಷ್ಟರಲ್ಲಿ ಹಿಟ್ಟು ಬೆಂದು ಆಕಾರ ಕಟ್ಟಿಕೊಂಡಿರುತ್ತದೆ.

ಆದರೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಆಮೇಲೆ ತಿಳಿಯಿತು. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇಕಡಾ 2ಕ್ಕಿಂತ ಹೆಚ್ಚಿರುವಂತಿಲ್ಲ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನೂ 2016ರಲ್ಲಿ ನಿಷೇಧಿಸಿದರು. ಹಳೆಯದೆಲ್ಲ ಚಿನ್ನವಲ್ಲ ಎಂಬುದಕ್ಕೆ ಇದೂ ಸಾಕ್ಷಿ.

ಹಾಗಾಗಿ ನಾವು ತುಪ್ಪಕ್ಕೆ ಮರಳಿದೆವು. ಆದರೆ ತುಪ್ಪ ಬೇಗ ಕರಗುತ್ತದೆ. ಅದಕ್ಕೆ ಉಪಾಯ ಫ್ರಿಜ್ಜು. ಮಗಳ ತಪ್ಪು ಇನ್ನೊಂದಿತ್ತು: ಅವಳು ತುಪ್ಪದ ಬದಲು ಅಷ್ಟೇ ತೂಕದ ಬೆಣ್ಣೆ ಹಾಕಿದ್ದಳು. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80, ಉಳಿದದ್ದು ಬಹುಪಾಲು ನೀರು. ಆ ನೀರು ಮೈದಾಕ್ಕೆ ಸೇರಿ ಜಿಗುಟಾಯಿತು.

ಅಮೋನಿಯಾ ಎಂದರೆ ಅಮೋನಿಯಂ ಬೈಕಾರ್ಬೊನೇಟ್. ಬಿಸಿಯಾದರೆ ಪೂರ್ತಿ ಅನಿಲವಾಗಿ ಹಾರಿ ಹೋಗುತ್ತದೆ. ತೆಳ್ಳಗಿನ ಒಣ ಬಿಸ್ಕತ್ತಿಗೆ ಸರಿ, ದಪ್ಪ ಕೇಕಿಗೆ ಹಾಕಿದರೆ ವಾಸನೆ ಒಳಗೇ ಉಳಿಯುತ್ತದೆ. ಮನೆಯಲ್ಲಿ ಅಡಿಗೆ ಸೋಡಾ ಸಾಕು. ಬಿರುಕು ಸ್ವಲ್ಪ ಕಡಿಮೆ, ಅಷ್ಟೆ.

ಮೆತ್ತಗಾದ ಭಟ್ಟಿ

ಮೂರನೆಯದು ಎಲ್ಲಕ್ಕಿಂತ ದೊಡ್ಡ ಪಾಠ. ಒಂದು ರಾತ್ರಿ ಆ ಭಟ್ಟಿಯವರ ಜೊತೆ ಕುಳಿತು ನೋಡಿದೆ. ದಪ್ಪ ಇಟ್ಟಿಗೆಯ ಕಮಾನಿನ ಗುಹೆ. ಸೌದೆ ಉರಿಸಿ ಇಟ್ಟಿಗೆಯನ್ನು ಕಾಯಿಸುತ್ತಾರೆ. ಬೇಯಿಸುವುದು ಬೆಂಕಿಯಲ್ಲ, ಕಾದ ಇಟ್ಟಿಗೆ. ಕಾವು ಜೋರಾಗಿರುವಾಗ ಪಾವ್ ಮತ್ತು ಗಟ್ಟಿ ಹೊರಮೈಯ ಬ್ರುನ್. ಸ್ವಲ್ಪ ಇಳಿದ ಮೇಲೆ ಖಾರಿ, ಬಿಸ್ಕತ್ತು. ಇನ್ನೂ ಇಳಿದಾಗ ಕೇಕು, ನಾನ್‌ಖಟಾಯಿ. ಕಟ್ಟಕಡೆಗೆ ಉಳಿದ ಬೆಚ್ಚಗಿನಲ್ಲಿ ಟೋಸ್ಟ್ ಒಣಗಿಸುವುದು. ಒಂದು ಸಲ ಉರಿಸಿದ ಸೌದೆಯ ಒಂದು ಚೂರು ಶಾಖವೂ ದಂಡವಾಗುವುದಿಲ್ಲ. ಬೇಕರಿಯ ಗಾಜಿನ ಕಪಾಟಿನಲ್ಲಿ ನಾವು ಕಾಣುವ ಅಷ್ಟೂ ಬಗೆಯ ತಿಂಡಿ, ಒಂದೇ ಭಟ್ಟಿ ರಾತ್ರಿಯಿಂದ ಬೆಳಗಿನವರೆಗೆ ತಣ್ಣಗಾಗುವ ಹಂತಗಳು!

ಪುಸ್ತಕಗಳಲ್ಲಿ '180 ಡಿಗ್ರಿ, 20 ನಿಮಿಷ' ಎಂದು ಬರೆದಿರುತ್ತದೆ. ನಮ್ಮ ನಾನ್‌ಖಟಾಯಿ ಯಾವತ್ತೂ ಒಂದೇ ಕಾವಿನಲ್ಲಿ ಬೆಂದದ್ದಲ್ಲ, ಇಳಿಯುವ ಕಾವಿನಲ್ಲಿ ಬೆಂದದ್ದು. ಇದನ್ನು ಮನೆಯ ಓವನ್ನಿಗೆ ತರುವುದು ಕಷ್ಟವಲ್ಲ, ಗುಂಡಿ ತಿರುಗಿಸಿದರೆ ಆಯಿತು.

ಈಗಿನ ನಮ್ಮ ಅಳತೆ

ಏಳೆಂಟು ಸಲ ಕೆಡಿಸಿದ ಮೇಲೆ ನಾವು ಒಪ್ಪಿಕೊಂಡದ್ದು ಇದು. ಸುಮಾರು 24 ಆಗುತ್ತವೆ. ದಯವಿಟ್ಟು ಲೋಟದಲ್ಲಿ ಅಳೆಯಬೇಡಿ, ತೂಕ ಮಾಡಿ. ನಮ್ಮ ಲೋಟ ಬೇರೆ, ಅಮೆರಿಕದ ಕಪ್ ಬೇರೆ.

ಮೈದಾ 200 ಗ್ರಾಂ, ಕಡಲೆ ಹಿಟ್ಟು 50 ಗ್ರಾಂ, ಚಿರೋಟಿ ರವೆ 25 ಗ್ರಾಂ, ತುಪ್ಪ 150 ಗ್ರಾಂ, ಸಕ್ಕರೆ ಪುಡಿ 140 ಗ್ರಾಂ, ಏಲಕ್ಕಿ ಪುಡಿ ಒಂದು ಚಮಚ, ಜಾಯಿಕಾಯಿ ಚೂರು, ಅಡಿಗೆ ಸೋಡಾ ಕಾಲು ಚಮಚ, ಚಿಟಿಕೆ ಉಪ್ಪು, ಮತ್ತು 24 ಲವಂಗ. (ಹೊರದೇಶದಲ್ಲಿ ತುಪ್ಪ ಸಿಗದಿದ್ದರೆ ಉಪ್ಪಿಲ್ಲದ ಬೆಣ್ಣೆ ಸುಮಾರು 190 ಗ್ರಾಂ ಕಾಯಿಸಿದರೆ ಇಷ್ಟು ತುಪ್ಪ ಬರುತ್ತದೆ.)

ತುಪ್ಪ ಹರಳುಗಟ್ಟಿ ಗಟ್ಟಿಯಾಗಿರಬೇಕು, ನೀರಾಗಿರಬಾರದು. ಅದನ್ನೂ ಸಕ್ಕರೆಯನ್ನೂ ಅಂಗೈಯಿಂದ ಹತ್ತು ನಿಮಿಷ ಉಜ್ಜಿ, ಬೆಳ್ಳಗೆ ಹಗುರಾಗಬೇಕು. ಒಣ ಸಾಮಾನು ಜರಡಿ ಹಿಡಿದು ಸೇರಿಸಿ. ಕೂಡಿಸಿದರೆ ಸಾಕು, ಚಪಾತಿ ಹಿಟ್ಟಿನಂತೆ ನಾದಬೇಡಿ. ಉಂಡೆ ಕಟ್ಟಿ, ಸ್ವಲ್ಪ ಒತ್ತಿ, ಲವಂಗ ಚುಚ್ಚಿ, ಇಡೀ ತಟ್ಟೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಇದನ್ನು ಬಿಟ್ಟರೆ ಪೀಟ್ಜಾ ಗ್ಯಾರಂಟಿ.

ಓವನ್ನಿನಲ್ಲಿ ಕಬ್ಬಿಣದ ದೋಸೆ ತವಾ ಮಗುಚಿ ಇಟ್ಟು ಚೆನ್ನಾಗಿ ಕಾಯಿಸಿ. ಅದೇ ನಮ್ಮ ಇಟ್ಟಿಗೆ. ಹಿಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಬೇಡ! ಅದರ ಮೇಲೆ ತಟ್ಟೆ ಇಟ್ಟು 170 ಡಿಗ್ರಿಯಲ್ಲಿ 8 ನಿಮಿಷ. ಆಮೇಲೆ 150ಕ್ಕೆ ಇಳಿಸಿ 12ರಿಂದ 14 ನಿಮಿಷ. ಫ್ಯಾರನ್‌ಹೀಟ್ ಓವನ್ನಿನವರು 340 ಮತ್ತು 300 ಎಂದಿಟ್ಟುಕೊಳ್ಳಿ. ಹೊರಗೆ ತೆಗೆದಾಗ ಮೆತ್ತಗಿರುತ್ತವೆ, ಬೇಯಲಿಲ್ಲ ಎಂದು ಮತ್ತೆ ಒಳಗಿಡಬೇಡಿ. ಆರಿದ ಮೇಲೆ ಗರಿಗರಿ, ಬಾಯಲ್ಲಿಟ್ಟರೆ ಪುಡಿಪುಡಿ.

2022ರ ದೀಪಾವಳಿಗೆ ಮಗಳ ತಟ್ಟೆಯಲ್ಲಿ 24 ಬೇರೆಬೇರೆ ನಾನ್‌ಖಟಾಯಿಗಳಿದ್ದವು, ಪ್ರತಿಯೊಂದರ ನೆತ್ತಿಯ ಮೇಲೂ ಲವಂಗ. "ಪಾರ್ಲೆಯದೇನಮ್ಮ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಹತ್ತಿರ ಹತ್ತಿರ" ಎಂದಳು. ಸೌದೆಯ ವಾಸನೆ ಇಲ್ಲವಂತೆ. ಇರಲಿ, ಸೂರತ್‌ನವರೂ ಮುಂಬಯಿಯದನ್ನು ತಿಂದು ಹಾಗೇ ಅಂದಿರಬಹುದು.

ಬದಲಾಯಿಸಲಾಗದ್ದು

ಆ ಸೌದೆಯ ವಾಸನೆ ಇನ್ನು ಮುಂಬಯಿಯಲ್ಲೂ ಉಳಿಯುವುದು ಕಷ್ಟ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ನಗರದ ಗಾಳಿ ಕೆಟ್ಟಿರುವ ವಿಷಯದಲ್ಲಿ, ಸೌದೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು 6 ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಹೇಳಿತು. ಹೊಸದಾಗಿ ಸೌದೆ ಭಟ್ಟಿಗೆ ಪರವಾನಗಿ ಕೊಡಬಾರದೆಂದೂ ಹೇಳಿತು. ಇದನ್ನು ನಾನು ವಿರೋಧಿಸಲಾರೆ. ಚಳಿಗಾಲದ ಬೆಳಿಗ್ಗೆ ನನ್ನ ಎದೆಯೂ ಗೊರಗೊರ ಎನ್ನುತ್ತದೆ. ಭಟ್ಟಿಯ ಎದುರು ನಲವತ್ತು ವರ್ಷ ನಿಂತವರ ಎದೆಯ ಗತಿ ಏನು? ಅವರನ್ನೇ ಕೇಳಿದೆ. "ಗ್ಯಾಸಿನಲ್ಲಿ ಕೆಮ್ಮು ಕಡಿಮೆ. ಆದರೆ ಭಟ್ಟಿ ಒಡೆದು ಹೊಸ ಓವನ್ ಹಾಕುವ ದುಡ್ಡು ಸೇಠ್ ಹತ್ತಿರ ಇಲ್ಲದಿದ್ದರೆ ನಮ್ಮ ಕೆಲಸವೂ ಕಡಿಮೆ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ತುಪ್ಪ, ಸೋಡಾ, ಕಾವು ಎಲ್ಲಕ್ಕೂ ಬದಲಿ ಸಿಕ್ಕಿತು. ಬೆಳಗಿನ ಹೊತ್ತು ಖಾಲಿ ಡಬ್ಬಿ ಹಿಡಿದು ಹತ್ತಾರು ಭಾಷೆಯ ಜನ ಒಂದೇ ಭಟ್ಟಿಯ ಮುಂದೆ ನಿಲ್ಲುತ್ತಿದ್ದ ಆ ಸಾಲಿಗೆ ಮಾತ್ರ ಬದಲಿ ಸಿಗಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲೊಂದು ನಿಯಮ ಮಾಡಿಕೊಂಡಿದ್ದೇವೆ. ನಾನ್‌ಖಟಾಯಿ ಮನೆಯಲ್ಲಿ, ಪಾವ್ ಮಾತ್ರ ಬೇಕರಿಯದೇ. ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲೇ ಪಾವ್ ಮಾಡಿ ಫೋಟೋ ಹಾಕಿದರು, ಸಂತೋಷ. ಆದರೆ ಪಾವ್‌ವಾಲಾ ಸೈಕಲ್ ಗಂಟೆ ಬಾರಿಸುವವರೆಗೆ ನಾವು ಕೊಳ್ಳುತ್ತೇವೆ.

ನಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ನನ್ನಾಕೆ ಈಗ ಹೊಸ ಅಳತೆಯನ್ನು ಗ್ರಾಂ, ಡಿಗ್ರಿ ಸಮೇತ ಬರೆದಿದ್ದಾಳೆ. "ಬೇಕರಿಗೆ ಕೊಡುವುದು" ಎಂಬ ಸಾಲನ್ನು ಹೊಡೆದು ಹಾಕುತ್ತಾಳೇನೋ ಎಂದುಕೊಂಡಿದ್ದೆ. ಹಾಕಲಿಲ್ಲ. ಅದರ ಪಕ್ಕದಲ್ಲಿ ಆ ಭಟ್ಟಿಯವರ ಹೆಸರು ಬರೆದಿದ್ದಾಳೆ, ಕನ್ನಡದಲ್ಲಿ. ಈ ದೀಪಾವಳಿಗೆ ಅವರಿಗೂ ಒಂದು ಡಬ್ಬಿ ಹೋಗಬೇಕಂತೆ. ಕೊಟ್ಟು ಬರುವುದು, ಎಂದಿನಂತೆ, ನನ್ನ ಕೆಲಸ.

ನಿಮ್ಮ ಮನೆಯಲ್ಲೂ ಇಂಥ ಅರ್ಧ ರೆಸಿಪಿಗಳು ಇದ್ದಾವು. ಉಳಿದ ಅರ್ಧ ಯಾರ ಹತ್ತಿರ ಇದೆಯೋ, ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮತ್ತೆ, ಮೇಲಿನ ಅಳತೆಯಲ್ಲಿ ಮಾಡಿ ನೋಡಿದವರು ಹೇಗಾಯಿತು ತಿಳಿಸಿ. ಪೀಟ್ಜಾ ಆದರೂ ಸಂಕೋಚ ಬೇಡ!